ಅಟ್ಟಿ ಉರುಳದ ಹಾಗೆ: ರಿಕರ್ಷನ್ ಮತ್ತು ಸ್ಟಾಕ್ ಓವರ್‌ಫ್ಲೋ

ರೆಡೊಂಡೊ ಬೀಚಿನಿಂದ ಮಾತನಾಡುತ್ತಿದ್ದೇನೆ. ಲಾಸ್ ಏಂಜಲೀಸ್‌ನಿಂದ ಸ್ಯಾನ್ ಡಿಯಾಗೋವರೆಗೆ, ಮನೆಯಲ್ಲಿ ಕನ್ನಡ ಕೇಳುತ್ತಾ, ಶಾಲೆ ಕಾಲೇಜಿನಲ್ಲಿ ಕೋಡ್ ಬರೆಯುತ್ತಾ ಬೆಳೆಯುತ್ತಿರುವ ನಿಮಗಾಗಿ ಈ ಮಾತು.

ಇಂದಿನ ವಿಷಯ ರಿಕರ್ಷನ್. ಒಂದು ಫಂಕ್ಷನ್ ತನ್ನನ್ನೇ ತಾನು ಕರೆಯುವುದು. ಫಂಕ್ಷನಲ್ ಪ್ರೋಗ್ರಾಮಿಂಗ್ ಕಲಿಯುವವರಿಗೆ ಮೊದಲ ವಾರದಲ್ಲೇ ಇದರ ಪರಿಚಯವಾಗುತ್ತದೆ. ಅಲ್ಲಿ ಫಾರ್ ಲೂಪ್ ಇಲ್ಲ, ಬದಲಾಗುವ ವೇರಿಯಬಲ್ ಇಲ್ಲ, ಇರುವುದು ರಿಕರ್ಷನ್ ಒಂದೇ ಎಂದು ಮೇಷ್ಟ್ರು ಹೇಳುತ್ತಾರೆ. ಹತ್ತು ಸಂಖ್ಯೆಗಳ ಪಟ್ಟಿ ಕೊಟ್ಟರೆ ಪ್ರೋಗ್ರಾಂ ಚೆನ್ನಾಗಿ ಓಡುತ್ತದೆ. ಹತ್ತು ಲಕ್ಷ ಕೊಟ್ಟರೆ ಧೊಪ್ಪನೆ ಬೀಳುತ್ತದೆ. ತೆರೆಯ ಮೇಲೆ ಎರಡು ಪದ: ಸ್ಟಾಕ್ ಓವರ್‌ಫ್ಲೋ. ಆಗ ಅನೇಕರು ರಿಕರ್ಷನ್ ಎಂದರೆ ಪರೀಕ್ಷೆಗೆ ಮಾತ್ರ, ನಿಜವಾದ ಕೆಲಸಕ್ಕೆ ಅಲ್ಲ ಎಂದು ತೀರ್ಮಾನಿಸಿ ಕೈಬಿಡುತ್ತಾರೆ. ಅದು ಆತುರದ ತೀರ್ಮಾನ. ಏಕೆ ಬೀಳುತ್ತದೆ, ಬೀಳದಂತೆ ಹೇಗೆ ಬರೆಯಬೇಕು, ಎಲ್ಲಿ ರಿಕರ್ಷನ್ ಬೇಡವೇ ಬೇಡ, ಈ ಮೂರನ್ನು ಇಂದು ನೋಡೋಣ.

ಮೊದಲು ಕಂಪ್ಯೂಟರ್ ಬಿಟ್ಟು ಕನ್ನಡದ ಎರಡು ವಾಕ್ಯ ಕೇಳಿ. ಮೊದಲನೆಯದು:

"ಅಜ್ಜಿ, ಅಮ್ಮ, ಮಾವ ಬಂದ ಎಂದಳು ಎಂದಳು."

ನಗಬೇಡಿ, ವ್ಯಾಕರಣದ ಪ್ರಕಾರ ಇದು ಸರಿಯಾದ ವಾಕ್ಯ. ಮಾವ ಬಂದ. ಹಾಗೆಂದು ಅಮ್ಮ ಹೇಳಿದಳು. ಅಮ್ಮ ಹಾಗೆ ಹೇಳಿದಳೆಂದು ಅಜ್ಜಿ ಹೇಳಿದಳು. ಇದನ್ನು ಕೇಳುವಾಗ ನಿಮ್ಮ ತಲೆಯಲ್ಲಿ ಏನಾಗುತ್ತದೆ ಗಮನಿಸಿ. 'ಅಜ್ಜಿ' ಎಂದಾಗ ಅಜ್ಜಿಯ ಕ್ರಿಯಾಪದ ಇನ್ನೂ ಬಂದಿಲ್ಲ, ಹಾಗಾಗಿ ಅವಳನ್ನು ಪಕ್ಕಕ್ಕೆ ಇಟ್ಟುಕೊಳ್ಳುತ್ತೀರಿ. 'ಅಮ್ಮ' ಎಂದಾಗ ಅವಳನ್ನೂ ಅಜ್ಜಿಯ ಮೇಲೆ ಇಡುತ್ತೀರಿ. 'ಮಾವ ಬಂದ' ಎಂದಾಗ ಒಂದು ಮಾತು ಮುಗಿಯಿತು. ಮೊದಲ 'ಎಂದಳು' ಬಂದಾಗ ಮೇಲಿದ್ದ ಅಮ್ಮನನ್ನು ತೆಗೆದು ಜೋಡಿಸುತ್ತೀರಿ. ಎರಡನೆಯ 'ಎಂದಳು' ಬಂದಾಗ ಅಜ್ಜಿಯನ್ನು. ಕೊನೆಗೆ ಇಟ್ಟದ್ದು ಮೊದಲು ಹೊರಗೆ. ಹಬ್ಬದೂಟದ ದಿನ ತೊಳೆದ ತಟ್ಟೆಗಳನ್ನು ಒಂದರ ಮೇಲೊಂದು ಅಟ್ಟಿ ಇಟ್ಟು, ಮೇಲಿನಿಂದಲೇ ತೆಗೆಯುವ ಹಾಗೆ. ಆ ಅಟ್ಟಿಯೇ ಸ್ಟಾಕ್. ಈ ವಾಕ್ಯಕ್ಕೆ ಚಿಕ್ಕಪ್ಪ, ದೊಡ್ಡಮ್ಮ, ಪಕ್ಕದ ಮನೆಯವರು ಎಲ್ಲರನ್ನೂ ಸೇರಿಸುತ್ತಾ ಹೋಗಿ. ನಾಲ್ಕನೆಯವರ ಹೊತ್ತಿಗೆ ಕೇಳುವವರ ತಲೆ ಕೆಡುತ್ತದೆ. ಅದೇ ಸ್ಟಾಕ್ ಓವರ್‌ಫ್ಲೋ.

ಈಗ ಎರಡನೆಯ ವಾಕ್ಯ:

"ಹುಡುಗಿ ಎದ್ದು, ಮುಖ ತೊಳೆದು, ತಿಂಡಿ ತಿಂದು, ಚೀಲ ಹೆಗಲಿಗೇರಿಸಿ, ಬಸ್ಸು ಹಿಡಿದು, ಶಾಲೆಗೆ ಹೋದಳು."

ಇದು ಮೊದಲನೆಯದಕ್ಕಿಂತ ಉದ್ದ. ಆದರೂ ಕಷ್ಟವಿಲ್ಲ. ಇದಕ್ಕೆ ಇನ್ನೂ ಇಪ್ಪತ್ತು ಕ್ರಿಯೆ ಸೇರಿಸಿದರೂ ಕೇಳುವವರು ದಣಿಯುವುದಿಲ್ಲ. ಏಕೆಂದರೆ 'ಎದ್ದು' ಎಂದ ಕೂಡಲೇ ಏಳುವ ಕೆಲಸ ಮುಗಿಯಿತು, ಅದಕ್ಕೆ ಮತ್ತೆ ಹಿಂದಿರುಗಬೇಕಾಗಿಲ್ಲ. ತಲೆಯಲ್ಲಿ ಹಿಡಿದುಕೊಳ್ಳಬೇಕಾದದ್ದು ಒಂದೇ: ಹುಡುಗಿ ಈಗ ಎಲ್ಲಿದ್ದಾಳೆ ಎಂಬುದು.

ಸ್ಟಾಕ್ ಓವರ್‌ಫ್ಲೋ ತಪ್ಪಿಸುವ ವಿದ್ಯೆಯ ಬಹುಭಾಗ ಮೊದಲನೆಯ ಬಗೆಯ ವಾಕ್ಯವನ್ನು ಎರಡನೆಯ ಬಗೆಗೆ ತಿರುಗಿಸುವುದೇ ಆಗಿದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಸ್ಟಾಕ್ ಎಂಬುದರ ಇತಿಹಾಸದ ಒಂದು ದೊಡ್ಡ ಅಧ್ಯಾಯ ನಮ್ಮ ಊರಿನ ಸುತ್ತಲೇ ನಡೆದದ್ದು. 1957ರಲ್ಲಿ ಬಂದ ಫೋರ್ಟ್ರಾನ್ ಭಾಷೆಯಲ್ಲಿ ರಿಕರ್ಷನ್ ಇರಲಿಲ್ಲ. ಜಾನ್ ಮೆಕಾರ್ಥಿಯವರ ಲಿಸ್ಪ್ ಮತ್ತು ಯೂರೋಪು ಅಮೆರಿಕದ ವಿದ್ವಾಂಸರು ಸೇರಿ ರೂಪಿಸಿದ ಆಲ್ಗಾಲ್ 60 ಅದಕ್ಕೆ ಬಾಗಿಲು ತೆರೆದವು. ಆಗ ಪಸಡೀನಾದಲ್ಲಿದ್ದ ಬರೋಸ್ ಕಂಪನಿಯ ತಂಡ, ರಾಬರ್ಟ್ ಬಾರ್ಟನ್ ಅವರ ಮುಂದಾಳತ್ವದಲ್ಲಿ, ಆಲ್ಗಾಲ್‌ಗಾಗಿಯೇ ಒಂದು ಯಂತ್ರ ರೂಪಿಸಿತು. ಅದು ಬಿ5000, 1961ರಲ್ಲಿ ಪ್ರಕಟವಾದದ್ದು. ಅದರಲ್ಲಿ ಸ್ಟಾಕ್ ಎಂಬುದು ಸಾಫ್ಟ್‌ವೇರಿನ ಉಪಾಯವಾಗಿರಲಿಲ್ಲ, ಹಾರ್ಡ್‌ವೇರಿನಲ್ಲೇ ಕಟ್ಟಿದ್ದಾಗಿತ್ತು.

ಅದೇ ಕಾಲದಲ್ಲಿ ಪಸಡೀನಾದ ಕ್ಯಾಲ್‌ಟೆಕ್‌ನಲ್ಲಿದ್ದ ಡೊನಾಲ್ಡ್ ಕ್ನೂತ್ ಬರೋಸ್‌ಗೆ ಸಲಹೆಗಾರರಾಗಿದ್ದರು. 1964ರಲ್ಲಿ ಅವರು ಒಂದು ಸಣ್ಣ ಪ್ರೋಗ್ರಾಂ ಬರೆದು ಪ್ರಕಟಿಸಿದರು. ಆಲ್ಗಾಲ್ ಕಂಪೈಲರುಗಳಲ್ಲಿ ರಿಕರ್ಷನ್ ಸರಿಯಾಗಿ ನಡೆಸುವವು ಯಾವುವು, ನಡೆಸುವಂತೆ ನಟಿಸುವವು ಯಾವುವು ಎಂದು ಬೇರ್ಪಡಿಸುವ ಪರೀಕ್ಷೆ ಅದು. 'ಮ್ಯಾನ್ ಆರ್ ಬಾಯ್' ಪರೀಕ್ಷೆ ಎಂದೇ ಅದಕ್ಕೆ ಹೆಸರು. ಕೆಲವೇ ಸಾಲು. ಆದರೆ ಅದರೊಳಗೆ ಫಂಕ್ಷನ್‌ಗಳು ಒಂದನ್ನೊಂದು ಎಷ್ಟು ಸುತ್ತಿಕೊಳ್ಳುತ್ತವೆ ಎಂದರೆ, ಕ್ನೂತ್ ಕೈಯಲ್ಲಿ ಲೆಕ್ಕ ಹಾಕಿ ಉತ್ತರ ಬಹುಶಃ ಮೈನಸ್ 121 ಎಂದು ಊಹಿಸಿದ್ದರು. ನಿಜವಾದ ಉತ್ತರ ಮೈನಸ್ 67. ರಿಕರ್ಷನ್ ಕಷ್ಟ ಎಂದು ನಿಮಗೆ ಅನ್ನಿಸಿದರೆ ಒಳ್ಳೆಯ ಸಂಗಾತಿಯೇ ಇದ್ದಾರೆ ಎಂದು ತಿಳಿಯಿರಿ.

ದಕ್ಷಿಣಕ್ಕೆ ಬಂದರೆ ಸ್ಯಾನ್ ಡಿಯಾಗೋ. 1970ರ ದಶಕದ ಕೊನೆಯಲ್ಲಿ ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕೆನೆತ್ ಬೌಲ್ಸ್ ಮತ್ತು ಅವರ ವಿದ್ಯಾರ್ಥಿಗಳು ಯುಸಿಎಸ್‌ಡಿ ಪ್ಯಾಸ್ಕಲ್ ಕಟ್ಟಿದರು. ಒಂದು ಕಾಲ್ಪನಿಕ ಸ್ಟಾಕ್ ಯಂತ್ರಕ್ಕೆ ಕೋಡ್ ತಯಾರಿಸಿ, ಆ ಕಾಲ್ಪನಿಕ ಯಂತ್ರವನ್ನು ಬೇರೆ ಬೇರೆ ಸಣ್ಣ ಕಂಪ್ಯೂಟರುಗಳ ಮೇಲೆ ಓಡಿಸುವ ಉಪಾಯ ಅವರದು. ಆಮೇಲೆ ಬಂದ ಜಾವಾ ಹಿಡಿದದ್ದೂ ಅಂಥದೇ ದಾರಿಯನ್ನು. ಆ ಕಂಪ್ಯೂಟರುಗಳ ನೆನಪು ಹತ್ತಾರು ಕಿಲೋಬೈಟ್ ಮಾತ್ರ. ಸ್ಟಾಕ್ ಒಂದು ಕಡೆಯಿಂದ ಬೆಳೆಯುತ್ತದೆ, ಹೀಪ್ ಇನ್ನೊಂದು ಕಡೆಯಿಂದ. ಎರಡೂ ನಡುವೆ ಡಿಕ್ಕಿ ಹೊಡೆದರೆ ಆಟ ಮುಗಿಯಿತು.

ಇಂದು ನಿಮ್ಮ ಲ್ಯಾಪ್‌ಟಾಪಿನಲ್ಲಿ ಗಿಗಾಬೈಟುಗಟ್ಟಲೆ ನೆನಪಿದೆ. ಆದರೂ ಸ್ಟಾಕ್‌ಗೆ ಸಿಗುವ ಪಾಲು ಚಿಕ್ಕದು. ಲಿನಕ್ಸಿನಲ್ಲಿ ಸಾಮಾನ್ಯವಾಗಿ 8 ಮೆಗಾಬೈಟ್, ವಿಂಡೋಸಿನಲ್ಲಿ 1 ಮೆಗಾಬೈಟ್. ಒಂದೊಂದು ಫಂಕ್ಷನ್ ಕರೆಗೂ ಸ್ಟಾಕಿನ ಮೇಲೆ ಒಂದು ತಟ್ಟೆ ಕೂರುತ್ತದೆ. ಎಲ್ಲಿಗೆ ಹಿಂದಿರುಗಬೇಕು, ಒಳಗಿನ ಬೆಲೆಗಳು ಏನಿದ್ದವು ಎಂಬುದೆಲ್ಲ ಅದರಲ್ಲಿ. ಒಂದು ತಟ್ಟೆಗೆ 100 ಬೈಟ್ ಎಂದುಕೊಳ್ಳಿ. 8 ಮೆಗಾಬೈಟಿನಲ್ಲಿ ಸುಮಾರು 84,000 ತಟ್ಟೆ. ಹತ್ತು ಲಕ್ಷದ ಪಟ್ಟಿ ಏಕೆ ಬಿತ್ತು ಎಂದು ಈಗ ಲೆಕ್ಕದಲ್ಲೇ ಗೊತ್ತಾಯಿತು.

ಈಗ ಕೋಡ್ ನೋಡೋಣ. ರೇಡಿಯೋದಲ್ಲಿ ಕೋಡ್ ಹೇಳುವುದು ಕಷ್ಟ, ಆದ್ದರಿಂದ ಕನ್ನಡದಲ್ಲೇ ಬರೆಯುತ್ತೇನೆ. ಒಂದು ಪಟ್ಟಿಯ ಮೊದಲ ಅಂಶ 'ತಲೆ', ಉಳಿದದ್ದು 'ಬಾಲ'. ಪಟ್ಟಿಯ ಮೊತ್ತ ಬೇಕು.

ಮೊತ್ತ(ಖಾಲಿ ಪಟ್ಟಿ) = 0
ಮೊತ್ತ(ಪಟ್ಟಿ) = ತಲೆ + ಮೊತ್ತ(ಬಾಲ)

ಎಷ್ಟು ಚೆಂದ! ಆದರೆ ಎರಡನೆಯ ಸಾಲನ್ನು ಗಮನವಿಟ್ಟು ಓದಿ. ಬಾಲದ ಮೊತ್ತ ಬಂದ ಮೇಲೆ ತಲೆಯನ್ನು ಕೂಡಿಸುವ ಕೆಲಸ ಬಾಕಿ ಇದೆ. ಅಜ್ಜಿ ಇನ್ನೂ 'ಎಂದಳು'ವಿಗಾಗಿ ಕಾಯುತ್ತಿದ್ದಾಳೆ. ಪಟ್ಟಿಯಲ್ಲಿ ಹತ್ತು ಲಕ್ಷ ಅಂಶವಿದ್ದರೆ ಹತ್ತು ಲಕ್ಷ ಕೂಡಿಕೆಗಳು ಸಾಲಾಗಿ ಕಾಯುತ್ತಾ ಕುಳಿತಿರುತ್ತವೆ. ಕೊನೆಯ ಅಂಶ ತಲುಪುವವರೆಗೆ ಒಂದೂ ಕೂಡಿಕೆ ನಡೆಯುವುದಿಲ್ಲ.

ಈಗ ಇದನ್ನೇ ಬೇರೆ ರೀತಿ ಬರೆಯೋಣ. ಇಲ್ಲಿಯವರೆಗಿನ ಮೊತ್ತವನ್ನು ಕೈಯಲ್ಲೇ ಹಿಡಿದು ಮುಂದೆ ಹೋಗೋಣ. ಅದಕ್ಕೆ 'ಗಂಟು' ಎಂದು ಹೆಸರಿಡೋಣ. ಪುಸ್ತಕಗಳಲ್ಲಿ ಇದನ್ನು ಅಕ್ಯುಮುಲೇಟರ್ ಎನ್ನುತ್ತಾರೆ.

ಮೊತ್ತ(ಖಾಲಿ ಪಟ್ಟಿ, ಗಂಟು) = ಗಂಟು
ಮೊತ್ತ(ಪಟ್ಟಿ, ಗಂಟು) = ಮೊತ್ತ(ಬಾಲ, ಗಂಟು + ತಲೆ)

ಮೊದಲ ಬಾರಿ ಗಂಟು 0 ಕೊಟ್ಟು ಕರೆಯಿರಿ. ಈಗ ಕೂಡಿಕೆ ಮೊದಲು ನಡೆದು, ಆಮೇಲೆ ಕರೆ. ಕರೆಯಾದ ಮೇಲೆ ಮಾಡಬೇಕಾದ ಕೆಲಸ ಏನೂ ಬಾಕಿ ಇಲ್ಲ. ಎದ್ದು, ತೊಳೆದು, ತಿಂದು, ಹೊರಟಳು. ಫಂಕ್ಷನಿನ ಕಟ್ಟಕಡೆಯ ಕೆಲಸವಾಗಿ ಬರುವ ಇಂಥ ಕರೆಗೆ ಟೇಲ್ ಕಾಲ್ ಎಂದು ಹೆಸರು. ಬಾಕಿ ಕೆಲಸವಿಲ್ಲದಿದ್ದರೆ ಹಳೆಯ ತಟ್ಟೆಯನ್ನು ಇಟ್ಟುಕೊಳ್ಳುವ ಅಗತ್ಯವೇ ಇಲ್ಲ, ಅದೇ ತಟ್ಟೆಯನ್ನು ಮತ್ತೆ ಬಳಸಬಹುದು. ಆಗ ಹತ್ತು ಲಕ್ಷವಾಗಲಿ, ಹತ್ತು ಕೋಟಿಯಾಗಲಿ, ಸ್ಟಾಕಿನ ಎತ್ತರ ಒಂದೇ ತಟ್ಟೆ.

ಇಲ್ಲಿ ಎರಡು ಎಚ್ಚರಿಕೆ. ಒಂದು, ಲೆಕ್ಕದ ಕ್ರಮ ಬದಲಾಗುತ್ತದೆ. ಕೂಡಿಕೆಗೆ ಅದರಿಂದ ತೊಂದರೆ ಇಲ್ಲ. ಕಳೆಯುವುದಾದರೆ ತೊಂದರೆ. 10, 4, 3 ಎಂಬ ಪಟ್ಟಿಯನ್ನು ಮೊದಲ ರೀತಿಯಲ್ಲಿ ಕಳೆದರೆ, ಬಲದಿಂದ ಎಡಕ್ಕೆ, ಉತ್ತರ 9. ಗಂಟಿನ ರೀತಿಯಲ್ಲಿ 0ಯಿಂದ ಶುರುಮಾಡಿ ಕಳೆದರೆ ಮೈನಸ್ 17. ಎರಡು, ಪಟ್ಟಿಯಿಂದ ಇನ್ನೊಂದು ಪಟ್ಟಿ ಕಟ್ಟುವಾಗ ಗಂಟಿನ ತಲೆಗೇ ಹೊಸದನ್ನು ಸೇರಿಸುತ್ತಾ ಹೋಗುವುದರಿಂದ ಉತ್ತರ ಹಿಂದುಮುಂದಾಗಿ ಬರುತ್ತದೆ. ಕೊನೆಯಲ್ಲಿ ಒಮ್ಮೆ ತಿರುಗಿಸಬೇಕು. ತಿರುಗಿಸುವ ಕೆಲಸವೂ ಟೇಲ್ ಕಾಲಿನಲ್ಲೇ ಆಗುತ್ತದೆ, ಹೆದರಬೇಕಿಲ್ಲ.

ನಾನು ಈಗಷ್ಟೇ 'ಅದೇ ತಟ್ಟೆಯನ್ನು ಮತ್ತೆ ಬಳಸಬಹುದು' ಎಂದೆ. ಬಳಸುತ್ತದೆ ಎನ್ನಲಿಲ್ಲ. ಅದು ಭಾಷೆಯ ಮೇಲೆ ಹೋಗುತ್ತದೆ. ಬಹಳ ಜನ ಎಡವುವುದು ಇಲ್ಲಿಯೇ.

1975ರಲ್ಲಿ ಎಂಐಟಿಯಲ್ಲಿ ಜೆರಾಲ್ಡ್ ಸಸ್‌ಮನ್ ಮತ್ತು ಗೈ ಸ್ಟೀಲ್ ಸ್ಕೀಮ್ ಭಾಷೆ ರೂಪಿಸಿದರು. ಫಂಕ್ಷನ್ ಕರೆ ದುಬಾರಿ ಎಂಬುದು ಕಟ್ಟುಕಥೆ, ಕಂಪೈಲರ್ ಜಾಣವಾಗಿದ್ದರೆ ಟೇಲ್ ಕಾಲ್ ಒಂದು ಜಿಗಿತಕ್ಕಿಂತ ಹೆಚ್ಚೇನಲ್ಲ ಎಂದು ಸ್ಟೀಲ್ 1977ರಲ್ಲಿ ವಾದಿಸಿದರು. ಸ್ಕೀಮಿನ ನಿಯಮಗ್ರಂಥವೇ ಟೇಲ್ ಕಾಲ್ ಸ್ಟಾಕ್ ಬೆಳೆಸಕೂಡದು ಎಂದು ಕಡ್ಡಾಯ ಮಾಡಿದೆ. ಹ್ಯಾಸ್ಕೆಲ್, ಒಕ್ಯಾಮಲ್, ಎರ್ಲಾಂಗ್ ಇವುಗಳಲ್ಲೂ ನೀವು ಅದನ್ನು ನಂಬಬಹುದು.

ಪೈಥಾನ್ ಹಾಗಲ್ಲ. ಅದು ಬೇಕೆಂದೇ ಹಾಗಲ್ಲ. ಪೈಥಾನಿನ ಸೃಷ್ಟಿಕರ್ತ ಗೀಡೋ ವಾನ್ ರಾಸಮ್ 2009ರಲ್ಲಿ ಇದನ್ನು ಸೇರಿಸುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ತಪ್ಪಾದಾಗ ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಜಾಡು ಉಳಿಯಬೇಕು ಎಂಬುದು ಅವರ ಕಾರಣಗಳಲ್ಲೊಂದು. ತಟ್ಟೆ ತೆಗೆದರೆ ಜಾಡು ಅಳಿಸಿಹೋಗುತ್ತದೆ. ಪೈಥಾನ್ ಸಾಮಾನ್ಯವಾಗಿ 1000 ಕರೆಗಳ ಆಳಕ್ಕೇ ತಡೆ ಹಾಕುತ್ತದೆ. ಆ ಮಿತಿಯನ್ನು ನೀವು ಏರಿಸಬಹುದು. ಆದರೆ ಅದು ಸೋರುವ ಛಾವಣಿಯ ಕೆಳಗೆ ಇನ್ನೂ ದೊಡ್ಡ ಬಕೆಟ್ ಇಟ್ಟಂತೆ. ಪೈಥಾನಿನಲ್ಲಿ ಗಂಟಿನ ರೀತಿ ಬರೆದ ಮೇಲೆ ಅದನ್ನು ವೈಲ್ ಲೂಪ್ ಆಗಿ ತಿರುಗಿಸುವುದು ಎರಡು ನಿಮಿಷದ ಕೆಲಸ. ಅದನ್ನೇ ಮಾಡಿ, ನಾಚಿಕೆ ಬೇಡ.

ಜಾವಾಸ್ಕ್ರಿಪ್ಟಿನ ಕಥೆ ಇನ್ನೂ ಸ್ವಾರಸ್ಯ. 2015ರ ನಿಯಮದಲ್ಲಿ ಟೇಲ್ ಕಾಲ್ ಸರಿಯಾಗಿ ನಡೆಯಬೇಕು ಎಂದು ಬರೆದಿದೆ. ಆದರೆ ದೊಡ್ಡ ಬ್ರೌಸರುಗಳಲ್ಲಿ ಅದನ್ನು ಜಾರಿಗೆ ತಂದದ್ದು ಆಪಲ್‌ನ ಸಫಾರಿ ಮಾತ್ರ. ಅಂದರೆ ನಿಮ್ಮ ಐಫೋನಿನಲ್ಲಿ ಓಡಿದ ಪ್ರೋಗ್ರಾಂ ಗೆಳೆಯನ ಕ್ರೋಮಿನಲ್ಲಿ ಬೀಳಬಹುದು.

ಜಾವಾ ಯಂತ್ರದ ಮೇಲೆ ಓಡುವ ಕೆಲವು ಭಾಷೆಗಳು ನಡುವಿನ ದಾರಿ ಹಿಡಿದಿವೆ. ಫಂಕ್ಷನ್ ತನ್ನನ್ನೇ ಟೇಲ್ ಕಾಲ್ ಮಾಡಿದರೆ ಕಂಪೈಲರೇ ಅದನ್ನು ಲೂಪ್ ಮಾಡಬಲ್ಲದು. ಸ್ಕಾಲಾದಲ್ಲಿ 'ಟೇಲ್‌ರೆಕ್' ಎಂಬ ಗುರುತು ಹಾಕಿದರೆ, ನೀವು ಬರೆದದ್ದು ನಿಜವಾಗಿ ಟೇಲ್ ಕಾಲ್ ಅಲ್ಲದಿದ್ದಾಗ ಕಂಪೈಲರ್ ಅಲ್ಲೇ ದೋಷ ತೋರಿಸುತ್ತದೆ. ಕಾಟ್ಲಿನ್‌ನಲ್ಲೂ ಅದೇ ಹೆಸರಿನ ಗುರುತಿದೆ, ಅಲ್ಲಿ ಸಿಗುವುದು ಎಚ್ಚರಿಕೆ. ಕ್ಲೋಜರ್‌ನಲ್ಲಿ 'ರಿಕರ್' ಎಂದು ಬೇರೆ ಪದವೇ ಇದೆ, ಅದನ್ನು ಕೊನೆಯ ಸ್ಥಾನದಲ್ಲಿ ಬಿಟ್ಟು ಬೇರೆಡೆ ಇಟ್ಟರೆ ಒಪ್ಪುವುದಿಲ್ಲ. ಇಂಥ ಗುರುತು ಇರುವ ಭಾಷೆಯಲ್ಲಿ ಯಾವಾಗಲೂ ಹಾಕಿ. ಆರು ತಿಂಗಳ ಮೇಲೆ ಯಾರೋ ಬಂದು ಕೊನೆಯ ಸಾಲಿಗೆ 'ಕೂಡಿಸು 1' ಎಂದು ಸೇರಿಸಿದರೆ, ಟೇಲ್ ಕಾಲ್ ಸದ್ದಿಲ್ಲದೆ ಮಾಯವಾಗುತ್ತದೆ. ಆ ಗುರುತು ಕಾವಲುಗಾರನ ಹಾಗೆ ಕೂಗುತ್ತದೆ.

ಎರಡು ಫಂಕ್ಷನ್‌ಗಳು ಒಂದನ್ನೊಂದು ಕರೆಯುತ್ತಿದ್ದರೆ? ಒಂದು ಸಂಖ್ಯೆ ಸಮವೇ ಎಂದು ತಿಳಿಯಲು, ಅದಕ್ಕಿಂತ ಒಂದು ಕಡಿಮೆಯದು ಬೆಸವೇ ಎಂದು ಕೇಳುವುದು. ಬೆಸವೇ ಎಂದು ತಿಳಿಯಲು ಇನ್ನೂ ಒಂದು ಕಡಿಮೆಯದು ಸಮವೇ ಎಂದು ಕೇಳುವುದು. ಇಬ್ಬರು ಗುಮಾಸ್ತರು ಕಡತವನ್ನು ಒಬ್ಬರಿಗೊಬ್ಬರು ದಾಟಿಸಿದ ಹಾಗೆ. ಇಲ್ಲಿ ಸ್ಕಾಲಾ, ಕಾಟ್ಲಿನ್‌ಗಳ ಆ ಗುರುತು ಸಹಾಯಕ್ಕೆ ಬರುವುದಿಲ್ಲ. ಆಗ ಬೇಕಾಗುವ ಉಪಾಯಕ್ಕೆ ಟ್ರ್ಯಾಂಪೊಲಿನ್ ಎನ್ನುತ್ತಾರೆ.

ಉಪಾಯ ಸರಳ. ಫಂಕ್ಷನ್ ಮುಂದಿನ ಫಂಕ್ಷನನ್ನು ತಾನೇ ಕರೆಯುವುದಿಲ್ಲ. 'ಮುಂದೆ ಇದನ್ನು ಮಾಡಿ' ಎಂಬ ಚೀಟಿ ಬರೆದು ಹಿಂದಿರುಗಿಸುತ್ತದೆ. ಹೊರಗೆ ಒಂದು ಲೂಪ್ ಇರುತ್ತದೆ. ಚೀಟಿ ಬಂದರೆ ಅದರಲ್ಲಿ ಹೇಳಿದ್ದನ್ನು ಮಾಡಿಸುತ್ತದೆ, ಉತ್ತರ ಬಂದರೆ ನಿಲ್ಲುತ್ತದೆ. ಪ್ರತಿ ಬಾರಿಯೂ ಫಂಕ್ಷನ್ ಪೂರ್ತಿ ಮುಗಿದು ನೆಲಕ್ಕೆ ಬರುತ್ತದೆ, ಮತ್ತೆ ಪುಟಿಯುತ್ತದೆ. ಹಾಗಾಗಿ ಸ್ಟಾಕ್ ಬೆಳೆಯುವುದೇ ಇಲ್ಲ. ಬದಲಿಗೆ ಪ್ರತಿ ಚೀಟಿಗೂ ಹೀಪಿನಲ್ಲಿ ಸ್ವಲ್ಪ ಜಾಗ, ಸ್ವಲ್ಪ ಸಮಯ ಖರ್ಚು. ಕ್ಲೋಜರ್‌ನಲ್ಲಿ ಟ್ರ್ಯಾಂಪೊಲಿನ್ ಎಂಬ ಹೆಸರಿನ ಸಿದ್ಧ ಫಂಕ್ಷನೇ ಇದೆ. ಜಾವಾಸ್ಕ್ರಿಪ್ಟಿನಲ್ಲಾದರೆ ಹತ್ತು ಸಾಲಿನಲ್ಲಿ ನೀವೇ ಬರೆಯಬಹುದು. ಬರೆದು ನೋಡಿ.

ಇಷ್ಟು ಹೊತ್ತು ಸಾಲಾಗಿ ಹೋಗುವ ಪಟ್ಟಿಗಳ ಮಾತಾಯಿತು. ಕವಲೊಡೆಯುವ ರಿಕರ್ಷನ್ ಬೇರೆ ತರಹ. ಅದಕ್ಕೆ ಉದಾಹರಣೆ ಕನ್ನಡ ಛಂದಸ್ಸಿನಿಂದಲೇ ಕೊಡುತ್ತೇನೆ.

ಲಘು ಅಕ್ಷರಕ್ಕೆ 1 ಮಾತ್ರೆ, ಗುರುವಿಗೆ 2 ಮಾತ್ರೆ. ಷಟ್ಪದಿಗಳಲ್ಲಿ 3, 4, 5 ಮಾತ್ರೆಯ ಗಣಗಳು ಬರುತ್ತವೆ. ಕುಮಾರವ್ಯಾಸ ಬಳಸಿದ ಭಾಮಿನಿಯಲ್ಲಿ 3 ಮತ್ತು 4 ಮಾತ್ರೆಯ ಗಣಗಳು ಒಂದರ ಹಿಂದೆ ಒಂದು ಬರುತ್ತವೆ. ಈಗ ಪ್ರಶ್ನೆ: 4 ಮಾತ್ರೆಯ ಗಣವನ್ನು ಎಷ್ಟು ರೀತಿ ಬರೆಯಬಹುದು? ನಾಲ್ಕು ಲಘು. ಗುರು ಲಘು ಲಘು. ಲಘು ಗುರು ಲಘು. ಲಘು ಲಘು ಗುರು. ಗುರು ಗುರು. ಒಟ್ಟು 5. ಮೂರು ಮಾತ್ರೆಗೆ 3, ಐದು ಮಾತ್ರೆಗೆ 8.

ಸೂತ್ರ ರಿಕರ್ಷನ್ನಿನಲ್ಲೇ ಹುಟ್ಟುತ್ತದೆ. ಯಾವುದೇ ಗಣದ ಕೊನೆಯ ಅಕ್ಷರ ಲಘು ಅಥವಾ ಗುರು. ಲಘುವಾದರೆ ಉಳಿದದ್ದು ಒಂದು ಮಾತ್ರೆ ಕಡಿಮೆ, ಗುರುವಾದರೆ ಎರಡು ಕಡಿಮೆ. ಆದ್ದರಿಂದ ಹಿಂದಿನ ಎರಡು ಉತ್ತರಗಳ ಮೊತ್ತವೇ ಮುಂದಿನ ಉತ್ತರ. ಶಾಲೆಯಲ್ಲಿ ನಿಮಗೆ ಇದನ್ನು ಫಿಬೊನಾಚಿ ಎಂದು ಕಲಿಸಿದ್ದಾರೆ. ಫಿಬೊನಾಚಿಯ ಪುಸ್ತಕ 1202ರದು. ಅದಕ್ಕೂ ಮೊದಲೇ ವಿರಹಾಂಕ, ಗೋಪಾಲ, ಹೇಮಚಂದ್ರ ಎಂಬ ಭಾರತೀಯ ವಿದ್ವಾಂಸರು ಮಾತ್ರಾಛಂದಸ್ಸಿನ ಲೆಕ್ಕಕ್ಕಾಗಿ ಇದೇ ಸಂಖ್ಯೆಗಳನ್ನು ಕಂಡಿದ್ದರು.

ಈ ಸೂತ್ರವನ್ನು ಹಾಗೆಯೇ ಕೋಡ್ ಮಾಡಿ, 0 ಮಾತ್ರೆಗೂ 1 ಮಾತ್ರೆಗೂ ಉತ್ತರ 1 ಎಂದಿಟ್ಟು, 40 ಮಾತ್ರೆ ಕೇಳಿ. ಉತ್ತರ 16,55,80,141. ಪ್ರೋಗ್ರಾಂ ಬೀಳುವುದಿಲ್ಲ, ಆದರೆ ಕಾಯಿಸುತ್ತದೆ. ಏಕೆ ಬೀಳಲಿಲ್ಲ? ಏಕೆಂದರೆ ಆಳ ಕೇವಲ 40. ಒಂದು ಕೊಂಬೆಯ ತುದಿ ಮುಟ್ಟಿ ಹಿಂದೆ ಬಂದು ಇನ್ನೊಂದು ಕೊಂಬೆಗೆ ಹೋಗುತ್ತದೆ, ಎಲ್ಲ ಕೊಂಬೆಗಳೂ ಒಟ್ಟಿಗೆ ಸ್ಟಾಕಿನ ಮೇಲೆ ಇರುವುದಿಲ್ಲ. ಕಾಯಿಸಿದ್ದೇಕೆ? ತುದಿಗಳ ಸಂಖ್ಯೆಯೇ 16 ಕೋಟಿ ದಾಟಿದೆ. ಆಳ ಬೇರೆ, ಕೆಲಸದ ಮೊತ್ತ ಬೇರೆ. ಸ್ಟಾಕ್ ಓವರ್‌ಫ್ಲೋ ಆಳದ ರೋಗ. ನಿಧಾನ ಎಂಬುದು ಬೇರೆ ರೋಗ. ಒಂದರ ಮದ್ದು ಇನ್ನೊಂದಕ್ಕೆ ಕೊಡಬೇಡಿ. ಇಲ್ಲಿ ಮಾತ್ರ ಅದೃಷ್ಟ: ಹಿಂದಿನ ಎರಡು ಉತ್ತರಗಳನ್ನು ಎರಡು ಗಂಟುಗಳಾಗಿ ಹಿಡಿದು ಟೇಲ್ ಕಾಲಿನಲ್ಲಿ ಮುಂದೆ ಸಾಗಿದರೆ ಎರಡೂ ರೋಗ ಒಟ್ಟಿಗೆ ವಾಸಿ.

ನಿಜವಾದ ಮರಗಳಿಗೂ ಇದೇ ವಿವೇಕ. ಹತ್ತು ಲಕ್ಷ ಅಂಶಗಳಿರುವ, ಎರಡೂ ಕಡೆ ಸಮವಾಗಿ ಬೆಳೆದ ಮರದ ಆಳ ಸುಮಾರು 20. ಅಲ್ಲಿ ರಿಕರ್ಷನ್ ನಿಶ್ಚಿಂತೆಯಿಂದ ಬರೆಯಿರಿ. ಅದೇ ಅಂಶಗಳನ್ನು ಏರಿಕೆಯ ಕ್ರಮದಲ್ಲಿ ಒಂದೊಂದಾಗಿ ಸಾಮಾನ್ಯ ಹುಡುಕುಮರಕ್ಕೆ ಸೇರಿಸಿದರೆ ಮರವು ಒಂದೇ ಕಡೆ ವಾಲಿ ಅಡಿಕೆ ಮರದ ಹಾಗೆ ಕೊಂಬೆಯಿಲ್ಲದೆ ಉದ್ದವಾಗುತ್ತದೆ. ಆಗ ಆಳ ಹತ್ತು ಲಕ್ಷ. ಇಂಥ ಕಡೆ ಸ್ಟಾಕನ್ನು ನೀವೇ ಕಟ್ಟಿಕೊಳ್ಳಿ. ಇನ್ನೂ ನೋಡಬೇಕಾದ ಕೊಂಬೆಗಳ ಪಟ್ಟಿಯೊಂದನ್ನು ಇಟ್ಟುಕೊಂಡು, ತಲೆಯಿಂದ ತೆಗೆಯುತ್ತಾ, ಹೊಸದನ್ನು ತಲೆಗೇ ಸೇರಿಸುತ್ತಾ ಹೋಗಿ. ಆ ಪಟ್ಟಿ ಹೀಪಿನಲ್ಲಿ ಇರುತ್ತದೆ, ಅಲ್ಲಿ ಜಾಗ ಧಾರಾಳ.

ಹ್ಯಾಸ್ಕೆಲ್ ಕಲಿಯುವವರಿಗೆ ಒಂದು ಮಾತು. ಅದು ಸೋಮಾರಿ ಭಾಷೆ, ಬೇಕಾಗುವವರೆಗೆ ಲೆಕ್ಕ ಮಾಡುವುದಿಲ್ಲ. ಗಂಟಿನ ರೀತಿ ಬರೆದರೂ ಗಂಟಿನೊಳಗೆ ಉತ್ತರದ ಬದಲು 'ಆಮೇಲೆ ಕೂಡಿಸುತ್ತೇನೆ' ಎಂಬ ಸಾಲಪತ್ರಗಳೇ ತುಂಬಿಕೊಳ್ಳಬಹುದು. ಕೊನೆಯಲ್ಲಿ ಎಲ್ಲ ಸಾಲ ಒಟ್ಟಿಗೆ ತೀರಿಸಲು ಹೋದಾಗ ನೆನಪು ಬರಿದಾಗುತ್ತದೆ. ಅದಕ್ಕಾಗಿಯೇ 'ಫೋಲ್ಡ್‌ಎಲ್' ಎಂಬುದರ ಜೊತೆಗೆ, ಹೆಸರಿನ ತುದಿಯಲ್ಲಿ ಒಂದು ಚಿಕ್ಕ ಗೀಟು ಇರುವ ಇನ್ನೊಂದನ್ನು ಇಟ್ಟಿದ್ದಾರೆ. ಅದು ಆಗಿಂದಾಗಲೇ ಲೆಕ್ಕ ಚುಕ್ತಾ ಮಾಡುತ್ತದೆ. ಮೊತ್ತದಂಥ ಕೆಲಸಕ್ಕೆ ಗೀಟಿನದನ್ನೇ ಬಳಸಿ.

ಇಷ್ಟೆಲ್ಲ ಏಕೆ ತಲೆ ಕೆಡಿಸಿಕೊಳ್ಳಬೇಕು, ಬಿದ್ದರೆ ಮತ್ತೆ ಓಡಿಸಿದರಾಯಿತು ಎನ್ನುವವರಿಗೆ ಎರಡು ಉತ್ತರ.

ಮೊದಲನೆಯದು: ಬೀಳಿಸುವುದು ಬೇರೆಯವರ ಕೈಯಲ್ಲಿ ಇರಬಹುದು. ಹೊರಗಿನಿಂದ ಬರುವ ಜೇಸನ್ ಕಡತವನ್ನು ನಿಮ್ಮ ಸರ್ವರ್ ರಿಕರ್ಷನ್ನಿನಿಂದ ಓದುತ್ತದೆ ಎಂದುಕೊಳ್ಳಿ. ಯಾರಾದರೂ ಕಿಡಿಗೇಡಿ ಒಂದು ಲಕ್ಷ ಆವರಣ ಚಿಹ್ನೆಗಳನ್ನು ಒಂದರೊಳಗೊಂದು ತೆರೆದು ಕಳಿಸಿದರೆ ಸಾಕು, ಸರ್ವರ್ ಮಲಗಿತು. ಅದಕ್ಕೇ ಒಳ್ಳೆಯ ಲೈಬ್ರರಿಗಳು ಆಳಕ್ಕೆ ಮಿತಿ ಹಾಕುತ್ತವೆ. ಆಳವನ್ನು ಅಪರಿಚಿತರು ನಿರ್ಧರಿಸುವ ಕಡೆ ನೀವೂ ಮಿತಿ ಹಾಕಿ.

ಎರಡನೆಯದು: ಮತ್ತೆ ಓಡಿಸಲು ಕೈಗೆ ಎಟುಕದ ಜಾಗಗಳಿವೆ. ಇಲ್ಲೇ ರೆಡೊಂಡೊ ಬೀಚಿನ ಸ್ಪೇಸ್ ಪಾರ್ಕ್ ನಿಮ್ಮಲ್ಲಿ ಹಲವರಿಗೆ ಗೊತ್ತು. ಹಿಂದೆ ಟಿಆರ್‌ಡಬ್ಲ್ಯು, ಈಗ ನಾರ್ತ್ರಪ್ ಗ್ರಮನ್. 1972ರಲ್ಲಿ ಹಾರಿದ ಪಯೊನೀರ್ 10 ಟಿಆರ್‌ಡಬ್ಲ್ಯು ಕಟ್ಟಿದ್ದು. ಜೇಮ್ಸ್ ವೆಬ್ ದೂರದರ್ಶಕದ ಅಂತಿಮ ಜೋಡಣೆ ಮತ್ತು ಪರೀಕ್ಷೆ ನಡೆದದ್ದು ಇಲ್ಲಿ. 2021ರ ಡಿಸೆಂಬರ್ 25ರಂದು ಹಾರಿದ ಅದು ಈಗ ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿದೆ. ಅದರ ವಿಜ್ಞಾನ ಉಪಕರಣಗಳ ವೀಕ್ಷಣೆಗಳನ್ನು ನಡೆಸುವ ಸ್ಕ್ರಿಪ್ಟುಗಳು ಜಾವಾಸ್ಕ್ರಿಪ್ಟಿನಲ್ಲಿವೆ. ನೀವು ಶಾಲೆಯಲ್ಲಿ ಬಟನ್ ಬಣ್ಣ ಬದಲಿಸಲು ಕಲಿತ ಅದೇ ಭಾಷೆ.

ಇನ್ನು ಪಸಡೀನಾದ ಜೆಪಿಎಲ್. ಅಲ್ಲಿದ್ದ ಜೆರಾರ್ಡ್ ಹೋಲ್ಜ್‌ಮನ್ 2006ರಲ್ಲಿ, ಪ್ರಾಣ ಮತ್ತು ಯೋಜನೆಗಳು ಅವಲಂಬಿಸಿರುವ ಕೋಡ್ ಬರೆಯಲು ಹತ್ತು ನಿಯಮ ಪ್ರಕಟಿಸಿದರು. ಮೊದಲನೆಯ ನಿಯಮದಲ್ಲೇ ಇದೆ: ರಿಕರ್ಷನ್ ಬೇಡ, ನೇರವಾಗಿಯೂ ಬೇಡ, ಸುತ್ತುಬಳಸಿಯೂ ಬೇಡ. ಪ್ರತಿ ಲೂಪಿಗೂ ಗೊತ್ತಾದ ಮಿತಿ ಇರಬೇಕು ಎಂಬುದು ಎರಡನೆಯದು. ಕಾರಣ ರಿಕರ್ಷನ್ ಮೇಲಿನ ದ್ವೇಷವಲ್ಲ. ಯಾವ ಫಂಕ್ಷನೂ ಸುತ್ತಿ ತನ್ನಲ್ಲಿಗೇ ಬರುವುದಿಲ್ಲ ಎಂದಾದರೆ, ಸ್ಟಾಕ್ ಅತಿ ಹೆಚ್ಚೆಂದರೆ ಎಷ್ಟು ಬೆಳೆಯಬಹುದು ಎಂದು ಉಪಕರಣಗಳು ಮೊದಲೇ ಲೆಕ್ಕ ಹಾಕಿ ಹೇಳಬಲ್ಲವು. ಕ್ಯೂರಿಯಾಸಿಟಿ ರೋವರಿನ ಕಂಪ್ಯೂಟರಿಗಿದ್ದ ನೆನಪು 256 ಮೆಗಾಬೈಟ್. ನಿಮ್ಮ ಜೇಬಿನ ಫೋನಿನಲ್ಲಿ ಅದರ ಹತ್ತಾರು ಪಟ್ಟು ಇದೆ.

2021ರ ಫೆಬ್ರವರಿ 18ರಂದು ಪರ್ಸಿವರೆನ್ಸ್ ಮಂಗಳದ ಮೇಲೆ ಇಳಿದಾಗ ಜೆಪಿಎಲ್‌ನ ಕೊಠಡಿಯಿಂದ ಜಗತ್ತಿಗೆ ಆ ಸುದ್ದಿ ಹೇಳಿದ ದನಿ ನೆನಪಿದೆಯೇ? ಅದು ಸ್ವಾತಿ ಮೋಹನ್ ಅವರದು. ಬೆಂಗಳೂರಿನಲ್ಲಿ ಹುಟ್ಟಿ, ಒಂದು ವರ್ಷದ ಮಗುವಾಗಿದ್ದಾಗ ಅಮೆರಿಕಕ್ಕೆ ಬಂದವರು. ಅವರು ಆ ಮಾತು ಹೇಳುವ ಹೊತ್ತಿಗೆ ರೋವರ್ ನೆಲ ಮುಟ್ಟಿ ಸುಮಾರು 11 ನಿಮಿಷ ಆಗಿಹೋಗಿತ್ತು. ಸುದ್ದಿ ಬೆಳಕಿನ ವೇಗದಲ್ಲಿ ಬರಲು ಅಷ್ಟು ಹೊತ್ತು ಬೇಕು. ಇಳಿಯುವ ಏಳು ನಿಮಿಷ ಭೂಮಿಯಲ್ಲಿ ಯಾರೂ ಏನೂ ಮಾಡುವಂತಿರಲಿಲ್ಲ. ಕೋಡ್ ಒಂದೇ ದಿಕ್ಕು. ಅಲ್ಲಿ ಸ್ಟಾಕ್ ತುಂಬಿದರೆ ಮತ್ತೆ ಓಡಿಸುವವರು ಯಾರು?

ಹಾಗಾದರೆ ನಾವು ಕಲಿಯುವ ರಿಕರ್ಷನ್ ವ್ಯರ್ಥವೇ? ಅಲ್ಲ. ಮಂಗಳದ ಇಂಜಿನಿಯರಾಗಲಿ, ಫಂಕ್ಷನಲ್ ಪ್ರೋಗ್ರಾಮರಾಗಲಿ ಕೇಳುವ ಪ್ರಶ್ನೆ ಒಂದೇ: ಆಳ ಎಷ್ಟು, ಅದು ನನಗೆ ಮೊದಲೇ ಗೊತ್ತೇ? ನೀವೂ ಆ ಪ್ರಶ್ನೆ ಕೇಳುವ ಅಭ್ಯಾಸ ಮಾಡಿಕೊಳ್ಳಿ. ಆಳ ಚಿಕ್ಕದು, ಗೊತ್ತಿರುವುದು ಎಂದಾದರೆ ಚೆಂದವಾಗಿ ಕಾಣುವ ರಿಕರ್ಷನ್ನನ್ನೇ ಬರೆಯಿರಿ. ಆಳ ಪಟ್ಟಿಯಷ್ಟೇ ಉದ್ದವಾದರೆ ಗಂಟು ಹಿಡಿದು ಟೇಲ್ ಕಾಲ್ ಮಾಡಿ, ಭಾಷೆ ಒಪ್ಪದಿದ್ದರೆ ಲೂಪ್ ಮಾಡಿ. ಫಂಕ್ಷನ್‌ಗಳು ಪರಸ್ಪರ ಕರೆದರೆ ಟ್ರ್ಯಾಂಪೊಲಿನ್. ಮರ ಆಳವಾದರೆ ನಿಮ್ಮದೇ ಸ್ಟಾಕ್. ಆಳ ಅಪರಿಚಿತರ ಕೈಯಲ್ಲಿದ್ದರೆ ಮಿತಿ. ಪಟ್ಟಿಗಳ ದಿನನಿತ್ಯದ ಕೆಲಸಕ್ಕೆ ಮ್ಯಾಪ್, ಫೋಲ್ಡ್‌ನಂಥ ಸಿದ್ಧ ಫಂಕ್ಷನ್‌ಗಳಿವೆ, ಮೊದಲು ಅವನ್ನೇ ನೋಡಿ. ಅವನ್ನು ಬರೆದವರು ಈ ತಲೆನೋವನ್ನು ನಿಮ್ಮ ಪರವಾಗಿ ಅನುಭವಿಸಿದ್ದಾರೆ.

ಒಂದು ಮನೆಗೆಲಸ ಕೊಟ್ಟು ಮುಗಿಸುತ್ತೇನೆ. ಮಾತ್ರೆಗಳ ಸಂಖ್ಯೆ ಕೊಟ್ಟರೆ ಎಷ್ಟು ಗಣಗಳು ಎಂದು ಎಣಿಸುವುದು ಮಾತ್ರವಲ್ಲ, ಆ ಗಣಗಳನ್ನೆಲ್ಲ ಲಘು ಗುರುಗಳಲ್ಲಿ ಪಟ್ಟಿ ಮಾಡುವ ಪ್ರೋಗ್ರಾಂ ಬರೆಯಿರಿ. ಛಂದಸ್ಸಿನವರು ಇದಕ್ಕೆ ಪ್ರಸ್ತಾರ ಎನ್ನುತ್ತಾರೆ. ಮೊದಲು ಸರಳ ರಿಕರ್ಷನ್ನಿನಲ್ಲಿ, ಆಮೇಲೆ ನಿಮ್ಮದೇ ಸ್ಟಾಕ್ ಇಟ್ಟುಕೊಂಡು. 4 ಮಾತ್ರೆಗೆ 5, 5 ಮಾತ್ರೆಗೆ 8 ಬಂದರೆ ಸರಿ ಎಂದು ತಿಳಿಯಿರಿ. ಉತ್ತರವನ್ನು ಮನೆಯಲ್ಲಿ ಅಪ್ಪನಿಗೋ ಅಜ್ಜಿಗೋ ತೋರಿಸಿ. ಲಘು ಗುರು ಹಾಕುವುದನ್ನು ಅವರು ಶಾಲೆಯಲ್ಲಿ ಕಲಿತಿರುತ್ತಾರೆ. ಕೋಡ್ ಗೊತ್ತಿಲ್ಲದಿದ್ದರೂ ತಪ್ಪು ಹಿಡಿಯುತ್ತಾರೆ, ನೋಡುತ್ತಿರಿ.